ಈಟಿಂಗ್ ಡಿಸಾರ್ಡರ್ ಎಂದರೆ ಎಲುಬಿನ ಚಿತ್ರವೇ ಯಾಕೆ?

ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಈಟಿಂಗ್ ಡಿಸಾರ್ಡರ್, ಅಂದರೆ ಊಟ ತಿಂಡಿಯ ಜೊತೆಗಿನ ನಂಟೇ ಹದಗೆಡುವ ಮನಸ್ಸಿನ ಕಾಯಿಲೆಗಳ ಬಗ್ಗೆ ಅರ್ಧ ಪುಟದ ಲೇಖನ ಬಂದಿತ್ತು. ಇಂಥ ವಿಷಯಕ್ಕೆ ಅಷ್ಟು ಜಾಗ ಕೊಟ್ಟಿದ್ದು ನೋಡಿ ಖುಷಿಯಾಯಿತು. ಬರೆದವರು ಕಾಳಜಿಯಿಂದಲೇ ಬರೆದಿದ್ದಾರೆ. ನನ್ನ ತಕರಾರು ಇರುವುದು ಅದರ ಜೊತೆ ಹಾಕಿದ್ದ ಚಿತ್ರದ ಬಗ್ಗೆ. ಪಕ್ಕೆಲುಬು ಎಣಿಸುವಷ್ಟು ಸೊರಗಿದ ಒಬ್ಬ ಹುಡುಗಿ ಕನ್ನಡಿಯ ಮುಂದೆ ನಿಂತಿದ್ದಾಳೆ. ಕನ್ನಡಿಯೊಳಗೆ ದಪ್ಪಗೆ ಕಾಣುತ್ತಿದ್ದಾಳೆ. ಈ ಚಿತ್ರವನ್ನು ಅಲ್ಲಿ ಇಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಹುಡುಗಿ ಬದಲಾಗುತ್ತಾಳೆ, ಕನ್ನಡಿ ಮಾತ್ರ ಅದೇ.

ನನಗೆ ಯಾವ ಕಾಯಿಲೆಯೂ ಇಲ್ಲ ಎಂದು ವರ್ಷಗಟ್ಟಲೆ ನನ್ನನ್ನೇ ನಾನು ಒಪ್ಪಿಸಿಕೊಂಡಿದ್ದು ಇಂಥ ಚಿತ್ರಗಳನ್ನು ನೋಡಿಯೇ. ನಾನು ಗಂಡಸು. ವಯಸ್ಸು ಐವತ್ತು ದಾಟಿದೆ. ಕಸುಬಿನಲ್ಲಿ ದರ್ಜಿ. ನನ್ನ ಸೊಂಟದ ಅಳತೆ ಅಂಗಡಿಗೆ ಬರುವ ನನ್ನ ವಯಸ್ಸಿನ ಯಾರ ಅಳತೆಗಿಂತಲೂ ಅಂಥ ಬೇರೆ ಏನಲ್ಲ. ಆ ಹುಡುಗಿಯನ್ನು ನೋಡಿ, ‘ಕಾಯಿಲೆ ಅಂದರೆ ಅದು, ನಿನ್ನದು ಬರೀ ಬಾಯಿಚಪಲ’ ಎಂದುಕೊಂಡು ಪುಟ ತಿರುಗಿಸುತ್ತಿದ್ದೆ. ನನ್ನದು ಬುಲಿಮಿಯಾ. ಅದಕ್ಕೆ ಹೊರಗಿನಿಂದ ನೋಡಿ ಹೇಳುವಂಥ ಆಕಾರವೇ ಇಲ್ಲ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಬೆಳಿಗ್ಗೆಯಿಂದ ಬಾಯಿ ಕಟ್ಟುವುದು. ಸಂಜೆಯೋ ರಾತ್ರಿಯೋ ಕಟ್ಟೆ ಒಡೆದಂತೆ ತಿನ್ನುವುದು. ಹಸಿವಿಗೆ ಅಲ್ಲ, ರುಚಿಗೂ ಅಲ್ಲ, ನಿಲ್ಲಿಸಲಿಕ್ಕೆ ಆಗದೆ. ಆಮೇಲೆ ಹೆದರಿಕೆ, ಅಸಹ್ಯ, ತಿಂದದ್ದನ್ನು ಹೇಗಾದರೂ ಲೆಕ್ಕದಿಂದ ಅಳಿಸಿಬಿಡಬೇಕು ಎಂಬ ಹಟ. ಕೆಲವರು ವಾಂತಿ ಮಾಡುತ್ತಾರೆ, ಕೆಲವರು ಮೈ ಮುರಿಯುವಷ್ಟು ವ್ಯಾಯಾಮ ಮಾಡುತ್ತಾರೆ, ಇನ್ನು ಕೆಲವರು ಮಾರನೆಯ ದಿನ ಏನನ್ನೂ ತಿನ್ನುವುದಿಲ್ಲ. ಹೇಗೆ, ಎಷ್ಟು ಎಂಬ ವಿವರ ಇಲ್ಲಿ ಬರೆಯುವುದಿಲ್ಲ. ಪತ್ರಿಕೆಯಲ್ಲಿ ಓದಿ ಕಲಿಯುವವರು ಇರುತ್ತಾರೆ. ನಿಮ್ಮ ಲೇಖನದಲ್ಲಿ ಆ ರೋಗಿ ಎಷ್ಟು ಕಿಲೋಗೆ ಇಳಿದಿದ್ದಳು, ದಿನಕ್ಕೆ ಏನೇನು ತಿನ್ನುತ್ತಿದ್ದಳು ಎಂದೆಲ್ಲ ಬರೆದಿತ್ತು. ನಮ್ಮಂಥವರ ಕಣ್ಣಿಗೆ ಮೊದಲು ಬೀಳುವುದೇ ಆ ಸಂಖ್ಯೆ. ‘ಅವಳಿಗೆ ಸಾಧ್ಯವಾಯಿತು, ನಿನಗೆ ಆಗಲಿಲ್ಲ’ ಎಂದು ಒಳಗಿನ ದನಿ ಚುಚ್ಚುತ್ತದೆ. ದಯವಿಟ್ಟು ಮುಂದಿನ ಸಲ ತೂಕ, ಕ್ಯಾಲೊರಿ ಎರಡನ್ನೂ ಬಿಟ್ಟುಬಿಡಿ. ಲೇಖನಕ್ಕೆ ಏನೂ ಕೊರತೆ ಆಗುವುದಿಲ್ಲ.

ದರ್ಜಿ ಎಂದು ಹೇಳಿಕೊಂಡಿದ್ದಕ್ಕೂ ಕಾರಣ ಇದೆ. ಟೇಪು ಸೊಂಟಕ್ಕೆ ತಾಗಿದ ಕೂಡಲೇ ಜನ ಉಸಿರು ಒಳಗೆ ಎಳೆದುಕೊಳ್ಳುತ್ತಾರೆ. ಚಿಕ್ಕವರು, ದೊಡ್ಡವರು, ಕಡ್ಡಿಯಂತಿರುವವರು, ಎಲ್ಲರೂ. ‘ಉಸಿರು ಬಿಡಿ, ಇಲ್ಲದಿದ್ದರೆ ಇದನ್ನು ಹಾಕಿಕೊಂಡು ಕೂರಲಿಕ್ಕೆ ಆಗಲ್ಲ’ ಎನ್ನುತ್ತೇನೆ. ಬಿಡುತ್ತಾರೆ, ಅರ್ಧ. ಆಮೇಲೆ ಶುರು. ‘ಸ್ವಲ್ಪ ಟೈಟಾಗಿಯೇ ಹೊಲಿಯಿರಿ, ಅಷ್ಟರಲ್ಲಿ ಇಳಿಸ್ತೀನಿ.’ ‘ಎಷ್ಟು ಬಂತು? ಅಯ್ಯೋ, ಜೋರಾಗಿ ಹೇಳಬೇಡಿ.’ ಹಾಗೆ ಹೊಲಿಸಿಕೊಂಡ ಬಟ್ಟೆ ಒಂದೆರಡು ತಿಂಗಳಲ್ಲಿ ಬಿಚ್ಚಿ ಹೊಲಿಯಲು ವಾಪಸ್ ಬರುತ್ತದೆ. ತರುವವರ ಮುಖ ನೋಡಬೇಕು, ಏನೋ ಕದ್ದು ಸಿಕ್ಕಿಬಿದ್ದವರ ಹಾಗೆ. ಮೊದಲು ನಾನು ಅಳತೆಯನ್ನು ಕೂಗಿ ಹೇಳುತ್ತಿದ್ದೆ, ಹುಡುಗ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಚಿಕಿತ್ಸೆ ಶುರುವಾದ ಮೇಲೆ ಅದನ್ನು ನಿಲ್ಲಿಸಿದೆ. ಈಗ ನಾನೇ ಸುಮ್ನೆ ಬರೆದುಕೊಳ್ಳುತ್ತೇನೆ. ಕೇಳಿದವರಿಗೆ ಮಾತ್ರ ಹೇಳುತ್ತೇನೆ. ಎಷ್ಟೋ ಜನ ಕೇಳುವುದೇ ಇಲ್ಲ.

ಕಸುಬಿನಿಂದ ಕಾಯಿಲೆ ಬಂತು ಎನ್ನುತ್ತಿಲ್ಲ. ಇದಕ್ಕೆ ಒಂದೇ ಕಾರಣ ಎಂಬುದು ಇಲ್ಲ. ವಂಶದಲ್ಲಿ ಬರುವ ಒಲವು ಇರುತ್ತದೆ, ಎಲ್ಲ ಅಚ್ಚುಕಟ್ಟಾಗಿ ಇರಬೇಕು ಎನ್ನುವ ಸ್ವಭಾವ ಇರುತ್ತದೆ, ಯಾವುದೋ ಪೆಟ್ಟು ಇರುತ್ತದೆ. ಇದರ ಮೇಲೆ ಒಂದು ಡಯಟ್ ಬಿದ್ದರೆ ಕೆಲವರಿಗೆ ಸಾಕು. ನಿಮ್ಮ ಲೇಖನ ಒಂದು ಕಡೆ ‘ತಾಯಂದಿರ ಅತಿ ಕಟ್ಟುನಿಟ್ಟು’ ಎಂದು ಬೆರಳು ತೋರಿಸಿತ್ತು. ಅದು ಹಳೆಯ ಕಾಲದ ಮಾತು. 1980ರ ದಶಕದಲ್ಲೇ ಲಂಡನ್ನಿನ ಮೌಡ್ಸ್‌ಲಿ ಆಸ್ಪತ್ರೆಯ ವೈದ್ಯರು ತಂದೆತಾಯಿಯನ್ನು ದೂರ ಇಡುವ ಬದಲು ಚಿಕಿತ್ಸೆಯ ಒಳಗೇ ಕರೆದುಕೊಂಡರು. ಮಗು ಏನು ತಿನ್ನಬೇಕು, ಯಾವಾಗ ತಿನ್ನಬೇಕು ಎಂಬುದನ್ನು ಮೊದಮೊದಲು ಮನೆಯವರೇ ನೋಡಿಕೊಳ್ಳುತ್ತಾರೆ. ಚೇತರಿಸಿಕೊಂಡ ಹಾಗೆ ಹಿಡಿತವನ್ನು ಸ್ವಲ್ಪ ಸ್ವಲ್ಪವಾಗಿ ಮಗುವಿಗೇ ವಾಪಸ್ ಕೊಡುತ್ತಾರೆ. ಹದಿಹರೆಯದವರ ಅನೊರೆಕ್ಸಿಯಾಕ್ಕೆ (ದಪ್ಪ ಆಗುತ್ತೇನೆ ಎಂಬ ಹೆದರಿಕೆಯಲ್ಲಿ ಊಟ ಬಿಟ್ಟು ಸೊರಗುವ ಕಾಯಿಲೆ) ಇವತ್ತು ವೈದ್ಯರು ಮೊದಲು ಸೂಚಿಸುವ ಚಿಕಿತ್ಸೆಗಳಲ್ಲಿ ಇದೂ ಒಂದು. ಮಗಳು ಊಟ ಬಿಟ್ಟಿದ್ದಾಳೆ ಎಂದು ಮೊದಲೇ ಬೆಂದುಹೋಗಿರುವ ತಾಯಿಗೆ ಪತ್ರಿಕೆಯಿಂದ ಇನ್ನೊಂದು ಏಟು ಬೇಕಾ?

ನನ್ನ ವಿಷಯ ಮೊದಲು ಗೊತ್ತಾಗಿದ್ದು ಹಲ್ಲಿನ ಡಾಕ್ಟರಿಗೆ. ತಣ್ಣೀರು ಕುಡಿದರೆ ಹಲ್ಲು ಜುಮ್ ಎನ್ನುತ್ತದೆ ಎಂದು ಹೋಗಿದ್ದೆ. ಅವರು ಪುಟ್ಟ ಕನ್ನಡಿಯನ್ನು ಮೇಲಿನ ಮುಂದಿನ ಹಲ್ಲುಗಳ ಹಿಂದೆ ಹಿಡಿದು ತುಂಬಾ ಹೊತ್ತು ನೋಡಿದರು. ಸಹಾಯಕಿಗೆ ಏನೋ ತರಲು ಹೇಳಿ ಹೊರಗೆ ಕಳಿಸಿದರು. ಆಮೇಲೆ ಕೇಳಿದರು: ‘ನಿಮಗೆ ವಾಂತಿ ಜಾಸ್ತಿ ಆಗುತ್ತಾ?’ ಅಷ್ಟೇ. ದನಿಯಲ್ಲಿ ಗದರಿಕೆ ಇರಲಿಲ್ಲ, ಅಯ್ಯೋ ಪಾಪವೂ ಇರಲಿಲ್ಲ. ಹೊಟ್ಟೆಯ ಆಮ್ಲ ಮತ್ತೆ ಮತ್ತೆ ಬಾಯಿಗೆ ಬಂದರೆ ಹಲ್ಲಿನ ಮೇಲಿನ ಎನಾಮಲ್ ಕರಗುತ್ತದೆ. ಮುಖ್ಯವಾಗಿ ಒಳಬದಿಯಲ್ಲಿ. ಹೊರಗಿನಿಂದ ನೋಡಿದರೆ ನಗು ಚೆನ್ನಾಗಿಯೇ ಇರುತ್ತದೆ. ನಾನು ತಲೆ ಆಡಿಸಿದೆ. ಮಾತು ಬರಲಿಲ್ಲ. ಅವರು ಒಂದು ಉಪಯೋಗದ ಮಾತು ಹೇಳಿದರು: ವಾಂತಿ ಆದ ತಕ್ಷಣ ಹಲ್ಲುಜ್ಜಬೇಡಿ, ನೀರಿನಲ್ಲಿ ಬಾಯಿ ಮುಕ್ಕಳಿಸಿ ಅಷ್ಟೇ, ಆಮ್ಲಕ್ಕೆ ಮೆತ್ತಗಾದ ಎನಾಮಲ್ ಬ್ರಷ್ ತಾಗಿದರೆ ಇನ್ನೂ ಬೇಗ ಸವೆಯುತ್ತದೆ. ನಾನು ಅಷ್ಟು ವರ್ಷ ಸರಿಯಾಗಿ ಉಲ್ಟಾ ಮಾಡಿಕೊಂಡು ಬಂದಿದ್ದೆ. ಕೊನೆಯಲ್ಲಿ ಒಂದು ಚೀಟಿಯ ಮೇಲೆ ಮನೋವೈದ್ಯರ ಹೆಸರು ಬರೆದುಕೊಟ್ಟು, ಅದಕ್ಕೂ ಮೊದಲು ರಕ್ತ ಪರೀಕ್ಷೆ ಮಾಡಿಸಿ ಎಂದರು.

ಪೊಟ್ಯಾಸಿಯಂ ಕಡಿಮೆ ಇತ್ತು. ವಾಂತಿಯಿಂದ ಹೋಗುವುದು ಬರೀ ಊಟ ಅಲ್ಲ. ಪೊಟ್ಯಾಸಿಯಂ ತೀರಾ ಇಳಿದರೆ ಎದೆಬಡಿತದ ಲಯ ತಪ್ಪುತ್ತದೆ, ಒಮ್ಮೊಮ್ಮೆ ಹೃದಯ ನಿಂತೇ ಹೋಗಬಹುದು. ಹಿಂದಿನ ದಿನದವರೆಗೂ ನಾನು ಹೊಲಿಗೆ ಮಷಿನ್ ತುಳಿಯುತ್ತಲೇ ಇದ್ದೆ. ಕಾಲು ಸೆಳೆತ, ಸುಸ್ತು ಎಲ್ಲ ವಯಸ್ಸಿನದ್ದು ಎಂದುಕೊಂಡಿದ್ದೆ. ಈಟಿಂಗ್ ಡಿಸಾರ್ಡರ್‌ಗಳು ಮನಸ್ಸಿನ ಕಾಯಿಲೆಗಳಲ್ಲೇ ಹೆಚ್ಚು ಪ್ರಾಣ ತೆಗೆಯುವಂಥವು. ಅದರಲ್ಲೂ ಅನೊರೆಕ್ಸಿಯಾ. ಅಮೆರಿಕದ ಗಾಯಕಿ ಕ್ಯಾರೆನ್ ಕಾರ್ಪೆಂಟರ್ 1983ರಲ್ಲಿ 32ನೇ ವಯಸ್ಸಿಗೆ ತೀರಿಕೊಂಡಿದ್ದು ಅದು ತಂದಿಟ್ಟ ಹೃದಯದ ತೊಂದರೆಯಿಂದ.

ಇದು ಈಗಿನ ಕಾಲದ ಹುಡುಗಿಯರ ಚಟ ಎನ್ನುವವರು ತುಂಬಾ ಜನ. ನಿಮ್ಮ ಲೇಖನದಲ್ಲೂ ಮೊಬೈಲ್ ಮೇಲೆ ಅರ್ಧ ದೂರು ಇತ್ತು. ಲಂಡನ್ನಿನ ವೈದ್ಯ ರಿಚರ್ಡ್ ಮಾರ್ಟನ್ 1689ರಲ್ಲಿ ಇಂಥ ಇಬ್ಬರು ರೋಗಿಗಳ ಬಗ್ಗೆ ಬರೆದಿದ್ದಾರೆ. ಅವರಲ್ಲಿ ಒಬ್ಬ 16 ವರ್ಷದ ಹುಡುಗ. ಅಂದರೆ ಮೊದಮೊದಲ ದಾಖಲೆಯಲ್ಲೇ ಒಬ್ಬ ಗಂಡು ಇದ್ದಾನೆ. ಆಮೇಲೆ ಅವನು ಚಿತ್ರಗಳಿಂದ ಮಾಯವಾದ. ಬುಲಿಮಿಯಾಕ್ಕೆ ಹೆಸರು ಕೊಟ್ಟಿದ್ದು ಜೆರಾಲ್ಡ್ ರಸೆಲ್ ಎಂಬ ಮನೋವೈದ್ಯ, 1979ರಲ್ಲಿ, 30 ರೋಗಿಗಳನ್ನು ನೋಡಿ. ಇವರ ತೂಕ ಅನೊರೆಕ್ಸಿಯಾ ಇರುವವರಿಗಿಂತ ಜಾಸ್ತಿಯೇ ಇರುತ್ತದೆ ಎಂದು ಅವರು ಆಗಲೇ ಬರೆದಿದ್ದರು. ವಾಂತಿ ಏನೂ ಇಲ್ಲದೆ, ಹಿಡಿತ ತಪ್ಪಿ ತಿನ್ನುವುದೇ ಕಾಯಿಲೆಯಾದವರೂ ಇದ್ದಾರೆ. ಬಿಂಜ್ ಈಟಿಂಗ್ ಎನ್ನುತ್ತಾರೆ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಅದಕ್ಕೆ ಪ್ರತ್ಯೇಕ ಜಾಗ ಸಿಕ್ಕಿದ್ದು 2013ರಲ್ಲಿ. ಅಲ್ಲಿಯವರೆಗೆ ಅವರಿಗೆ ಸಿಗುತ್ತಿದ್ದದ್ದು ಹೊಟ್ಟೆಬಾಕರು ಎಂಬ ಬಿರುದು. ಅವರ ಚಿತ್ರವನ್ನು ಯಾವ ಪತ್ರಿಕೆಯಾದರೂ ಹಾಕಿದೆಯಾ?

ಈಗ ಚೇತರಿಕೆಯ ವಿಷಯ. ನಿಮ್ಮ ಲೇಖನ ಇದಕ್ಕೆ ಕೊಟ್ಟಿದ್ದು ಕೊನೆಯ ಎರಡು ಸಾಲು: ‘ಆತ್ಮವಿಶ್ವಾಸದಿಂದ ಹೊರಬನ್ನಿ, ನಿಮ್ಮನ್ನು ನೀವು ಪ್ರೀತಿಸಿ.’ ನನಗೆ ಕೋಪ ಬಂದಿದ್ದು ಇಲ್ಲಿ. ಆತ್ಮವಿಶ್ವಾಸ ಅಲ್ಲ ಸ್ವಾಮಿ, ಮೊದಲು ಬೇಕಾಗಿದ್ದು ಗಡಿಯಾರ.

ಸಲಹೆಗಾರರು ಮೊದಲು ಹೇಳಿಕೊಟ್ಟಿದ್ದು ಇಷ್ಟೇ. ದಿನಕ್ಕೆ ಮೂರು ಊಟ, ನಡುವೆ ಎರಡು ಮೂರು ಸಲ ಏನಾದರೂ ಸಣ್ಣದು. ಒಂದಕ್ಕೂ ಇನ್ನೊಂದಕ್ಕೂ ನಾಲ್ಕು ಗಂಟೆಗಿಂತ ಜಾಸ್ತಿ ಅಂತರ ಬೇಡ. ಹಸಿವಾಗಲಿ ಬಿಡಲಿ, ಹೊತ್ತಿಗೆ ತಿನ್ನಬೇಕು. ರಾತ್ರಿ ಹಿಡಿತ ತಪ್ಪಿದರೂ ಮಾರನೆಯ ಬೆಳಿಗ್ಗೆಯ ಊಟ ಬಿಡುವಂತಿಲ್ಲ. ‘ತಿನ್ನುವುದು ಜಾಸ್ತಿಯಾಗಿದೆ ಎಂದು ಬಂದರೆ ಇನ್ನೂ ತಿನ್ನು ಅಂತಾರಲ್ಲ!’ ಎಂದು ನಾನು ನಕ್ಕೇಬಿಟ್ಟೆ. ಆಗ ಅವರು ಅಮೆರಿಕದ ಮಿನ್ನೆಸೊಟ ವಿಶ್ವವಿದ್ಯಾಲಯದ ಒಂದು ಪ್ರಯೋಗದ ಕಥೆ ಹೇಳಿದರು. ಎರಡನೇ ಮಹಾಯುದ್ಧದ ಕೊನೆಯ ಹೊತ್ತು, 1944-45. ಯುದ್ಧಕ್ಕೆ ಹೋಗಲು ಒಪ್ಪದ 36 ಆರೋಗ್ಯವಂತ ಯುವಕರು ತಾವಾಗಿಯೇ ಮುಂದೆ ಬಂದರು. ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಅವರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟರು. ಯುರೋಪಿನಲ್ಲಿ ಉಪವಾಸ ಬಿದ್ದವರಿಗೆ ಮತ್ತೆ ಹೇಗೆ ಉಣ್ಣಿಸಬೇಕು ಎಂದು ತಿಳಿಯಲು. ಆ ಯುವಕರಿಗೆ ಊಟ ಬಿಟ್ಟರೆ ಬೇರೆ ಯೋಚನೆಯೇ ಬರದಾಯಿತು. ಅಡುಗೆ ಪುಸ್ತಕ ಕೂಡಿಹಾಕಿದರು. ಸದಾ ಚಳಿ, ಸಿಡುಕು, ಮಂಕು. ಪ್ರಯೋಗ ಮುಗಿದು ಬೇಕಾದಷ್ಟು ತಿನ್ನಲು ಬಿಟ್ಟಾಗ ಕೆಲವರಿಗೆ ಎಷ್ಟು ತಿಂದರೂ ತೃಪ್ತಿ ಆಗಲಿಲ್ಲ. ಹೊಟ್ಟೆ ತುಂಬಿದ ಮೇಲೂ ಹಸಿವು ಹೋಗುತ್ತಿರಲಿಲ್ಲ.

ಇದು ಕೇಳಿದ ದಿನ ನನ್ನ ತಲೆಯಿಂದ ಒಂದು ಮೂಟೆ ಇಳಿಯಿತು. ರಾತ್ರಿಯ ಆ ತಿನ್ನುವಿಕೆ ನನ್ನ ನಾಲಿಗೆಯ ತಪ್ಪಲ್ಲ, ಹಗಲಿನ ಉಪವಾಸದ ಪಾಲೂ ಅದರಲ್ಲಿ ಇದೆ. ಮೈ ತನ್ನ ಬಾಕಿ ವಸೂಲಿ ಮಾಡುತ್ತಿತ್ತು ಅಷ್ಟೇ.

ಅಂಗಡಿಯಲ್ಲಿ ಮೊಬೈಲ್ ಅಲಾರಂ ಇಟ್ಟೆ. ಅದು ಹೊಡೆದಾಗ ಕತ್ತರಿ ಕೆಳಗಿಟ್ಟು ಹಿಂದಿನ ಕೋಣೆಗೆ ಹೋಗಿ ಡಬ್ಬಿ ತೆಗೆಯಬೇಕು. ಗಿರಾಕಿ ಎದುರಿಗೆ ಇದ್ದರೂ. ನನ್ನ ಹುಡುಗ ಅದನ್ನು ಡೆಲಿವರಿಯ ನೆನಪಿಗೆ ಇಟ್ಟಿದ್ದೇನೆ ಎಂದು ಬಹಳ ದಿನ ತಿಳಿದಿದ್ದ. ತಿನ್ನುವುದು ಖುಷಿಯ ಕೆಲಸ ಆಗಿರಲಿಲ್ಲ. ಮಾತ್ರೆ ನುಂಗಿದ ಹಾಗೆ ನುಂಗುತ್ತಿದ್ದೆ. ಎಷ್ಟು ಬೇಜಾರಿನ ಕೆಲಸ ಗೊತ್ತಾ? ಚೇತರಿಕೆ ಎಂದರೆ ಏನೋ ದೊಡ್ಡ ಬೆಳಕು ಮೂಡುತ್ತದೆ ಎಂದು ಕಾಯುತ್ತಿದ್ದೆ. ಬಂದಿದ್ದು ಅಲಾರಂ, ಡಬ್ಬಿ, ಮತ್ತೆ ಅಲಾರಂ.

ವಾಂತಿ ನಿಂತ ಮೊದಲ ವಾರಗಳು ಕಷ್ಟ. ನೀರಿಗಾಗಿ ಪರದಾಡಿದ ಮೈ ಈಗ ಸಿಕ್ಕ ನೀರನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಪಾದ ಊದುತ್ತದೆ, ಮುಖ ಊದುತ್ತದೆ. ನನ್ನ ಪ್ಯಾಂಟಿನ ಗುಂಡಿ ಹಾಕಲಾಗಲಿಲ್ಲ. ಇದು ಬರುತ್ತದೆ, ಇಳಿಯುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೂ ಆ ರಾತ್ರಿ ಎಲ್ಲ ಬಿಟ್ಟು ಹಳೆಯ ದಾರಿಗೆ ಹೋಗಿಬಿಡೋಣ ಎನಿಸಿತು. ಅನೇಕರು ಕೈಚೆಲ್ಲುವುದು ಇಲ್ಲೇ. ನಾನು ಅಂಗಡಿಯ ದೀಪ ಹಾಕಿ ಕೂತೆ. ಒಳ್ಳೆಯ ದರ್ಜಿ ಸೊಂಟದ ಹಿಂದಿನ ಹೊಲಿಗೆಯೊಳಗೆ ಒಂದಿಷ್ಟು ಬಟ್ಟೆ ಮಡಚಿ ಬಿಟ್ಟಿರುತ್ತಾನೆ, ಮುಂದೆ ಬೇಕಾದರೆ ಇರಲಿ ಎಂದು. ಗಿರಾಕಿಗಳಿಗೆಲ್ಲ ಬಿಡುತ್ತೇನೆ. ನನ್ನ ಪ್ಯಾಂಟಿಗೆ ಬಿಟ್ಟಿರಲಿಲ್ಲ, ಕಾಲಿಂಚೂ ಇರಲಿಲ್ಲ. ನಾನು ಎಂದೂ ಬೆಳೆಯಬಾರದು ಎಂದೇ ಹೊಲಿದುಕೊಂಡಿದ್ದೆ. ಆ ಪ್ಯಾಂಟನ್ನು ಪಕ್ಕಕ್ಕೆ ಇಟ್ಟು ಹೊಸದು ಕತ್ತರಿಸಿದೆ. ಅಳತೆ ತೆಗೆಯಲು ಹುಡುಗನಿಗೆ ಹೇಳಿದೆ, ಎಷ್ಟು ಬಂತು ಎಂದು ಕೇಳಲಿಲ್ಲ.

ಮಾತ್ರೆಯ ಬಗ್ಗೆ ಕೇಳುವವರಿಗೆ: ಬುಲಿಮಿಯಾಕ್ಕೆ ಫ್ಲುಯೊಕ್ಸೆಟಿನ್ ಎಂಬ ಔಷಧಿ ಕೊಡುತ್ತಾರೆ, ಕೆಲವರಿಗೆ ಉಪಯೋಗ ಆಗುತ್ತದೆ. ನನಗೂ ಕೊಟ್ಟರು. ಆದರೆ ಮುಖ್ಯ ಕೆಲಸ ಆಗುವುದು ಕೂತು ಮಾತಾಡುವ ಚಿಕಿತ್ಸೆಯಲ್ಲಿ, ಊಟದ ಕ್ರಮದಲ್ಲಿ. ಒಂದು ಎಚ್ಚರಿಕೆಯ ಮಾತೂ ಇದೆ. ತುಂಬಾ ದಿನ ಉಪವಾಸ ಬಿದ್ದು ಸೊರಗಿದವರಿಗೆ ಮನೆಯಲ್ಲಿ ಪ್ರೀತಿಯಿಂದ ಒಂದೇ ಸಲ ಹೊಟ್ಟೆ ಬಿರಿಯ ತಿನ್ನಿಸಬೇಡಿ. ಊಟ ಒಮ್ಮೆಲೇ ಒಳಗೆ ಹೋದಾಗ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಜೀವಕ್ಕೇ ಅಪಾಯ ಆಗಬಹುದು. ಎರಡನೇ ಮಹಾಯುದ್ಧದ ನಂತರ ಬಿಡುಗಡೆಯಾದ ಸೆರೆಯಾಳುಗಳಲ್ಲಿ ವೈದ್ಯರು ಇದನ್ನು ಕಂಡರು. ಅಂಥವರಿಗೆ ಊಟ ಶುರು ಮಾಡುವುದೂ ಡಾಕ್ಟರ ಕಣ್ಣೆದುರೇ ಆಗಬೇಕು.

ಮನೆಯವರು ಏನು ಮಾಡಬೇಕು ಎಂದು ಕೇಳುತ್ತಾರೆ. ನನ್ನ ಹೆಂಡತಿ ಮಾಡಿದ್ದನ್ನು ಹೇಳುತ್ತೇನೆ. ಊಟ ಆದ ಮೇಲಿನ ಮುಕ್ಕಾಲು ಗಂಟೆ ಎಲ್ಲಕ್ಕಿಂತ ಕಷ್ಟದ್ದು. ಕಾಲು ತಾನಾಗಿಯೇ ಬಚ್ಚಲಿನ ಕಡೆ ಎಳೆಯುತ್ತದೆ. ಅವಳು ಅಂಗಡಿಯಿಂದ ಗುಂಡಿಗಳ ಡಬ್ಬಿಗಳನ್ನು ತರಿಸಿ, ಎಲ್ಲ ಒಂದಕ್ಕೊಂದು ಬೆರೆಸಿ, ನನ್ನ ಮುಂದೆ ಸುರಿದಳು. ಎರಡು ತೂತಿನವು ಒಂದು ಕಡೆ, ನಾಲ್ಕು ತೂತಿನವು ಒಂದು ಕಡೆ, ಬಣ್ಣದ ಪ್ರಕಾರ. ಅವಳೂ ಎದುರು ಕೂತು ಆರಿಸುವಳು. ಆ ಹೊತ್ತಿನಲ್ಲಿ ಊಟದ ಮಾತು ಇಲ್ಲ, ಕಾಯಿಲೆಯ ಮಾತು ಇಲ್ಲ. ಪಕ್ಕದ ಮನೆಯವರ ಜಗಳ, ಮಗನ ಪರೀಕ್ಷೆ, ಏನಾದರೂ. ಮಾರನೆಯ ದಿನ ನೋಡಿದರೆ ಗುಂಡಿಗಳೆಲ್ಲ ಮತ್ತೆ ಬೆರೆತು ಕೂತಿರುತ್ತಿದ್ದವು. ಯಾರು ಬೆರೆಸಿದ್ದು ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ‘ಇವತ್ತು ಸರಿ ಇದ್ದೀರಾ?’ ಎಂದು ಒಂದು ದಿನವೂ ಕೇಳಿದವಳಲ್ಲ. ನನ್ನ ತಟ್ಟೆಯನ್ನು ಓರೆಗಣ್ಣಿನಲ್ಲೂ ನೋಡಲಿಲ್ಲ.

ಕೆಡಿಸಿದ್ದು ಹೊರಗಿನವರ ಹೊಗಳಿಕೆ. ‘ಈಗ ಮೈಕೈ ತುಂಬಿಕೊಂಡು ಚೆನ್ನಾಗಿ ಕಾಣ್ತೀರಿ’ ಎಂದು ಒಬ್ಬರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನಗೆ ಕೇಳಿದ್ದು ‘ದಪ್ಪ ಆಗಿದ್ದೀರಿ’ ಎಂದು. ಸಂಜೆಯ ಡಬ್ಬಿ ಹಾಗೆಯೇ ಮನೆಗೆ ವಾಪಸ್ ಹೋಯಿತು. ಅದಕ್ಕೂ ಹಿಂದೆ, ಕಾಯಿಲೆ ಜೋರಾಗಿದ್ದ ಕಾಲದಲ್ಲಿ, ‘ಏನು ಫಿಟ್ ಆಗಿದ್ದೀರಿ, ಗುಟ್ಟೇನು?’ ಎಂದು ಕೇಳಿದವರೂ ಇದ್ದಾರೆ. ಹೇಳಬೇಕೇ ಬೇಕು ಅನಿಸಿದರೆ ಮೈ ಬಿಟ್ಟು ಬೇರೆ ಏನಾದರೂ ಹೇಳಿ. ನಿಮ್ಮನ್ನು ನೋಡಿ ಖುಷಿಯಾಯಿತು ಎಂದರೆ ಸಾಲದೇ?

ಎಷ್ಟು ದಿನಕ್ಕೆ ವಾಸಿಯಾಗುತ್ತದೆ? ಅಮೆರಿಕದಲ್ಲಿ ಅನೊರೆಕ್ಸಿಯಾ, ಬುಲಿಮಿಯಾ ಇದ್ದ ಸುಮಾರು 250 ಹೆಂಗಸರನ್ನು ಎರಡು ದಶಕಕ್ಕೂ ಹೆಚ್ಚು ಕಾಲ ಗಮನಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂಬತ್ತು ವರ್ಷದ ಹೊತ್ತಿಗೆ ಅನೊರೆಕ್ಸಿಯಾ ಇದ್ದವರಲ್ಲಿ ವಾಸಿಯಾದವರು ಮೂರರಲ್ಲಿ ಒಂದು ಪಾಲಿಗಿಂತಲೂ ಸ್ವಲ್ಪ ಕಡಿಮೆ. 22 ವರ್ಷದ ಹೊತ್ತಿಗೆ ಶೇಕಡ 60 ದಾಟಿತ್ತು. ಬುಲಿಮಿಯಾ ಇದ್ದವರಲ್ಲಿ ಒಂಬತ್ತು ವರ್ಷಕ್ಕೇ ಮೂರರಲ್ಲಿ ಎರಡು ಪಾಲು ಜನ ವಾಸಿಯಾಗಿದ್ದರು. ಇಷ್ಟು ವರ್ಷವಾಯಿತು, ಇನ್ನು ಆಗಲ್ಲ ಎಂದು ಕೂತವರಿಗೆ ಇದನ್ನು ದೊಡ್ಡ ಅಕ್ಷರದಲ್ಲಿ ಹಾಕಿ. ಗಂಡಸರನ್ನು ಇಷ್ಟು ಕಾಲ ಹಿಂಬಾಲಿಸಿ ಲೆಕ್ಕ ಹಾಕಿದ್ದನ್ನು ನಾನು ಇನ್ನೂ ಓದಿಲ್ಲ.

ನನ್ನ ಮಟ್ಟಿಗೆ ಅಲಾರಂ ಈಗ ಬೇಕಿಲ್ಲ. ಕೆಟ್ಟ ವಾರಗಳು ಬಂದರೆ ಮತ್ತೆ ಇಡುತ್ತೇನೆ. ಹಲ್ಲುಗಳು ಹೋದದ್ದು ಹೋಯಿತು, ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಹಸಿವು ಮಾತ್ರ ವಾಪಸ್ ಬಂತು. ಹೊತ್ತಿಗೆ ಸರಿಯಾಗಿ ಹೊಟ್ಟೆ ಚುರ್ ಎನ್ನುವುದು ಎಷ್ಟು ಸುಖ ಎಂದು ಅದು ಕಳೆದುಹೋದವರಿಗೇ ಗೊತ್ತು.

ನಿಮ್ಮಿಂದ ಆಗಬೇಕಾದ ಒಂದು ಕೆಲಸ ಹೇಳುತ್ತೇನೆ. 1999ರಲ್ಲಿ ಬ್ರಿಟನ್ನಿನ ವೈದ್ಯರು ಐದು ಸಣ್ಣ ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಸ್ಕಾಫ್ ಎಂದು ಅದರ ಹೆಸರು. ಎಷ್ಟು ತಿನ್ನುತ್ತೇನೆ ಎಂಬುದರ ಮೇಲೆ ಹಿಡಿತ ತಪ್ಪಿದೆ ಎಂಬ ಚಿಂತೆ ಇದೆಯೇ, ಊಟವೇ ನಿಮ್ಮ ಬದುಕನ್ನು ಆಳುತ್ತಿದೆ ಎನಿಸುತ್ತದೆಯೇ, ಇಂಥವು. ಐದರಲ್ಲಿ ತೂಕ ಎಷ್ಟು ಇಳಿದಿದೆ ಎಂದು ಕೇಳುವುದು ಒಂದೇ ಒಂದು. ಎರಡಕ್ಕೆ ಹೌದು ಎಂದರೆ ಡಾಕ್ಟರನ್ನು ನೋಡಬೇಕು. ಯಾರಾದರೂ ಮನೋವೈದ್ಯರಿಂದ ಅದನ್ನು ಕನ್ನಡದಲ್ಲಿ ಬರೆಸಿ ಒಂದು ಚೌಕಟ್ಟಿನಲ್ಲಿ ಹಾಕಿ. ಆ ಪುಟದ ಕೆಳಗೆ ‘ತಿಂಗಳಲ್ಲಿ ಹೊಟ್ಟೆ ಕರಗಿಸಿ’ ಎಂಬ ಜಾಹೀರಾತು ಬಾರದ ಹಾಗೆ ನೋಡಿಕೊಳ್ಳಿ. ಈ ಸಲ ಬಂದಿತ್ತು.

ಪತ್ರ ಪ್ರಕಟಿಸುವುದಾದರೆ ನನ್ನ ಹೆಸರು ಹಾಕಬೇಡಿ. ನಾಚಿಕೆ ಏನಿಲ್ಲ. ಅಂಗಡಿಯ ಗಿರಾಕಿಗಳು ಓದಿದರೆ ಟೇಪು ಹಿಡಿದ ಕೂಡಲೇ ನನಗೇ ಸಮಾಧಾನ ಹೇಳಲು ಶುರು ಮಾಡುತ್ತಾರೆ. ಕೆಲಸ ಸಾಗುವುದಿಲ್ಲ.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗ, ಒಬ್ಬ ದರ್ಜಿ